ಮೇಷ್ಟ್ರು ಬರೆಯದೆ ಬಿಟ್ಟ ವಾಕ್ಯ

ಅವರನ್ನು ಮೇಷ್ಟ್ರು ಅಂತ ಕರೆಯಲು ಶುರುಮಾಡಿದವಳು ನಾನೇ. ಜೀವಮಾನದಲ್ಲಿ ಒಂದು ದಿನವೂ ಅವರು ಪಾಠ ಹೇಳಿದವರಲ್ಲ. ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸಕ್ಕೆಂದು ತಿಪಟೂರಿನಿಂದ ದೆಹಲಿಗೆ ಬಂದು, ಫೈಲುಗಳ ನಡುವೆಯೇ ಕೂದಲು ಬೆಳ್ಳಗಾಗಿಸಿಕೊಂಡು, ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾರದೆ ಓಖ್ಲಾದ ನಮ್ಮ ಆಫೀಸು ಸೇರಿದ್ದರು. ನಮ್ಮ ಕಂಪನಿ ಬೇರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳನ್ನೂ ಫೋನಿನ ಆ್ಯಪನ್ನೂ ಮಾಡುತ್ತದೆ. ಕನ್ನಡದ ಮೇಜಿನಲ್ಲಿ ನಾವಿಬ್ಬರೇ. ಇಂಗ್ಲಿಷ್ ನುಡಿಗಟ್ಟುಗಳಿಗೆ ಅವರು ಕನ್ನಡದಲ್ಲಿ ಅರ್ಥ, ಬಳಕೆ, ಒಂದು ಉದಾಹರಣೆ ಬರೆಯಬೇಕು. ನಾನು ಅದನ್ನು ತಿದ್ದಿ ಪುಟಕ್ಕೆ ಕೂರಿಸಬೇಕು. ಮೊದಲ ವಾರವೇ ಅವರು ನನ್ನನ್ನೇ ತಿದ್ದತೊಡಗಿದರು. ಮೈಯುರಿದು ಮೇಷ್ಟ್ರೇ ಅಂದೆ. ಅವರು ಎಷ್ಟು ಸಂತೋಷಪಟ್ಟರೆಂದರೆ ಆಮೇಲೆ ಬೇರೆ ಹೆಸರಿನಿಂದ ಕರೆಯಲು ಮನಸ್ಸಾಗಲಿಲ್ಲ.

ಹೋದ ತಿಂಗಳು ತೀರಿಕೊಂಡರು. ಬೆಳಿಗ್ಗೆ ಗೀಸರ್ ಹಾಕಿ, ನೀರು ಕಾಯಲಿ ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಮ್ಮ ಮ್ಯಾನೇಜರ್ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದ. ನಾಲ್ಕೂ ಯಾರು ಸತ್ತರೂ ಬರೆಯಬಹುದಾದ ಸಾಲುಗಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಪ್ಪ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅವರ ಕೆಲಸದ ಕ್ರಮವೇ ವಿಚಿತ್ರ. ನುಡಿಗಟ್ಟಿನ ಅರ್ಥ ಬರೆಯಲು ಅವರಿಗೆ ಎರಡು ನಿಮಿಷ ಸಾಕು, ಉದಾಹರಣೆಯ ವಾಕ್ಯಕ್ಕೆ ಮಾತ್ರ ಅರ್ಧ ದಿನ ಬೇಕು. ಬೇರೆ ಮೇಜಿನವರು ರಾಮ ಹೀಗೆಂದ, ಗೀತಾ ಹಾಗೆಂದಳು ಎಂದು ಬರೆದು ಮುಗಿಸಿ ಸಮೋಸ ತಿನ್ನಲು ಕೆಳಗಿಳಿಯುತ್ತಿದ್ದರು. ಮೇಷ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದರು. "ಯಾರು ಹೇಳಿದ್ದು? ಯಾರಿಗೆ ಹೇಳಿದ್ದು? ಆವಾಗ ಏನಾಗಿತ್ತು?" ಈ ಮೂರಕ್ಕೂ ಉತ್ತರ ಸಿಗುವ ತನಕ ವಾಕ್ಯ ಬರೆಯುತ್ತಿರಲಿಲ್ಲ. ಜೀವ ಇರುವ ಒಬ್ಬ ಮನುಷ್ಯ ನಿಜವಾಗಿ ಆಡಿದ ಮಾತು ಅನ್ನಿಸಬೇಕು, ಇಲ್ಲದಿದ್ದರೆ ಓದುವ ಹುಡುಗರು ಅದನ್ನು ಪರೀಕ್ಷೆಯಲ್ಲಿ ಕಕ್ಕಿ ಮರೆತುಬಿಡುತ್ತಾರೆ ಅನ್ನುತ್ತಿದ್ದರು. ಈ ವಾದ ಮಾಡಿ ಮಾಡಿ ನನ್ನ ತಲೆ ತಿಂದಿದ್ದಾರೆ.

ಬಚ್ಚಿಟ್ಟದ್ದನ್ನು ಬಯಲು ಮಾಡುವ ಅರ್ಥದ ನುಡಿಗಟ್ಟುಗಳದ್ದೇ ಒಂದು ಅಧ್ಯಾಯವಿತ್ತು. ಬೆಕ್ಕನ್ನು ಚೀಲದಿಂದ ಹೊರಬಿಡುವ ನುಡಿಗಟ್ಟು ಬಂದ ದಿನ ಮೇಷ್ಟ್ರು ಚಹಾದಂಗಡಿಗೆ ಇಳಿದುಹೋದರು. ಅಷ್ಟು ವರ್ಷ ದೆಹಲಿಯಲ್ಲಿದ್ದರೂ ಅವರ ಹಿಂದಿ ತಿಪಟೂರು ಬಿಟ್ಟು ಕದಲಿರಲಿಲ್ಲ. "ಭಯ್ಯಾ, ಆಪ್ ಕಾ ಘರ್ ಮೇ ಕೋಯಿ ಗುಟ್ಟು ಹೈ ಕ್ಯಾ?" ಎಂದು ಕೇಳಿದರೆ ಪಾಪ ಅವನಿಗೇನು ಅರ್ಥವಾಗಬೇಕು. ಮನೆಯಲ್ಲಿ ಏನಾದರೂ ಗುಟ್ಟಿದೆಯೇ ಎಂದು ನಾನು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಬೇಕಾಯಿತು. ಹೆಂಡತಿಗೆ ಹೇಳದೆ ಫ್ರಿಜ್ ತಂದುಬಿಡೋಣ ಅಂತ ಅವನು ಲೆಕ್ಕ ಹಾಕಿದ್ದನಂತೆ, ಮಗಳು ರೊಟ್ಟಿ ತಿನ್ನುತ್ತಾ ಬಾಯಿಬಿಟ್ಟಳಂತೆ. ಮೇಷ್ಟ್ರ ಮುಖ ಅರಳಿತು. ಮೇಲೆ ಬಂದು, ಅಪ್ಪ ತರಲಿದ್ದ ಫ್ರಿಜ್ಜಿನ ಗುಟ್ಟನ್ನು ಮಗಳು ಊಟದ ಹೊತ್ತಿನಲ್ಲಿ ರಟ್ಟು ಮಾಡಿದ ವಾಕ್ಯ ಬರೆದರು. ಚಹಾದವನಿಗೆ ಪುಸ್ತಕದ ಆ ಪುಟದ ಫೋಟೋ ಕೊಟ್ಟರು. ಅವನಿಗೆ ಕನ್ನಡ ಬಾರದು, ಆದರೂ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾನೆ.

ಹೊರಗಿನಿಂದ ಕೆಲಸ ಮಾಡಿಕೊಡುವ ಒಬ್ಬರು, ಮನೆತನದ ಮುಚ್ಚಿಟ್ಟ ಗುಟ್ಟು ಎಂಬ ಅರ್ಥದ ಇನ್ನೊಂದು ನುಡಿಗಟ್ಟಿಗೆ ಪದಕ್ಕೆ ಪದ "ಬೀರುವಿನಲ್ಲಿ ಅಸ್ಥಿಪಂಜರ ಇಟ್ಟುಕೊಂಡಿರುವುದು" ಅಂತ ಬರೆದು ಕಳಿಸಿದಾಗ ಅವರು ನಕ್ಕ ನಗು ಈಗಲೂ ಕಿವಿಯಲ್ಲಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಮ್ಮನೆ ಬೀರುವಲ್ಲಿ ಇರೋದು ನಮ್ಮವಳು ಹೆಣೆದ ಸ್ವೆಟರ್ ಮಾತ್ರ ಕಣಮ್ಮ, ಅದೇ ಸಾಕಷ್ಟು ಭಯಂಕರವಾಗಿದೆ ಅಂದರು. ಆ ಸ್ವೆಟರನ್ನೇ ದೀಪಾವಳಿಯಿಂದ ಹೋಳಿಯವರೆಗೆ ದಿನಾ ಹಾಕುತ್ತಿದ್ದರು.

ಸಂಜೆ ನಾವಿಬ್ಬರೂ ಒಂದೇ ಮೆಟ್ರೋದಲ್ಲಿ ಹೋಗುತ್ತಿದ್ದೆವು. ನಾನು ಸರಿತಾ ವಿಹಾರದಲ್ಲಿ ಇಳಿದರೆ ಅವರು ಫರೀದಾಬಾದಿನವರೆಗೆ. ಗಾಡಿ ಹತ್ತಿದ ಮೇಲೆ ಅವರು ಒಂದು ಕಡೆ ನಿಲ್ಲುತ್ತಿರಲಿಲ್ಲ. ಜನರ ನಡುವೆ ಜಾಗ ಮಾಡಿಕೊಂಡು ಬೋಗಿಯಿಂದ ಬೋಗಿಗೆ ನಡೆಯುತ್ತಿದ್ದರು. ಡಾಕ್ಟರು ನಡೆಯಲು ಹೇಳಿರಬೇಕು ಅಂದುಕೊಂಡಿದ್ದೆ. ಅವರ ಚೀಲದಲ್ಲಿ ಯಾವಾಗಲೂ ಬಾಳೆಹಣ್ಣು ಇರುತ್ತಿತ್ತು, ಅವರು ತಿಂದದ್ದನ್ನು ಮಾತ್ರ ನಾನು ನೋಡಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಅವರ ಮನೆಗೆ ಹೋಗುವಾಗ ಕಾರಣ ಗೊತ್ತಾಯಿತು. ಫ್ಲೈಓವರ್ ಕೆಳಗೆ ಕಂಬಳಿ ಮುಸುಕು ಹಾಕಿ ಮಲಗಿದವರ ಹತ್ತಿರ ಮೇಷ್ಟ್ರು ಮಂಡಿಯೂರಿ ಕೂತು, ಭಯ್ಯಾ ಕೇಲಾ ಲೋ ಅಂತ ಎಬ್ಬಿಸುತ್ತಿದ್ದರು. ಮುಸುಕು ಸರಿದು ಮುಖ ಕಂಡ ಮೇಲೆ ಹಣ್ಣು ಕೊಟ್ಟು ಮುಂದಿನವನ ಹತ್ತಿರ ಹೋಗುತ್ತಿದ್ದರು. ಮಲಗಿದವರನ್ನು ನಿದ್ದೆಯಿಂದ ಎಬ್ಬಿಸಿ ದಾನ ಮಾಡುವ ಹುಚ್ಚೇನು ನಿಮಗೆ ಎಂದು ರೇಗಿದೆ. ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡರು.

ಅವತ್ತು ಸಂಕ್ರಾಂತಿ. ನಾನು ದಾವಣಗೆರೆಯ ಮುಸ್ಲಿಂ ಮನೆಯವಳು. ಈದಿಗೆ ನಾನು ಮಾಡಿದ ಸುರಕುಂಬಾ, ಅಂದರೆ ಶಾವಿಗೆ ಪಾಯಸ, ಮೇಷ್ಟ್ರ ಮನೆಗೆ ಹೋಗುತ್ತಿತ್ತು, ಸಂಕ್ರಾಂತಿಗೆ ಎಳ್ಳುಬೆಲ್ಲ ತಿನ್ನಲು ನಾನು ಅಲ್ಲಿಗೆ ಹೋಗುತ್ತಿದ್ದೆ. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಅವರ ಹೆಂಡತಿಗೆ ಮಂಡಿನೋವು, ಇಳಿಯುವುದೇ ಅಪರೂಪ. ನೆಲಮಹಡಿಯ ಮನೆ ಹಿಡಿಯಬಾರದೇ ಎಂದು ಕೇಳಿದೆ. ಎಳ್ಳುಬೆಲ್ಲ ಹಂಚುತ್ತಿದ್ದ ಇನ್ನೊಬ್ಬಾಕೆಯ ಕೈ ಅಲ್ಲೇ ನಿಂತಿತು. ಆಕೆ ಮೇಷ್ಟ್ರ ತಮ್ಮನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಹಣೆಯಲ್ಲಿ ಅಗಲ ಕುಂಕುಮ, ಕುತ್ತಿಗೆಯಲ್ಲಿ ತಾಳಿ. ಗಂಡ ಎಲ್ಲೋ ದೂರದೂರಿನಲ್ಲಿ ಕೆಲಸದಲ್ಲಿರಬೇಕು ಎಂದು ಅಷ್ಟು ದಿನ ನಾನೇ ಊಹಿಸಿಕೊಂಡಿದ್ದೆ. "ಅವರಿಗೆ ಈ ಬಾಗಿಲು ಮಾತ್ರ ಗೊತ್ತು" ಅಂದು ಅಕ್ಕ ಒಳಗೆ ಹೋದರು.

ಮಾರನೇ ದಿನ ಊಟದ ಹೊತ್ತಿಗೆ ಮೇಷ್ಟ್ರು ಹೇಳಿದರು. ತಮ್ಮನನ್ನು ಅವರೇ ಊರಿನಿಂದ ಕರೆಸಿ ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ್ದರು. ಮದುವೆಯಾಯಿತು. ಒಂದೆರಡು ವರ್ಷ ಚೆನ್ನಾಗಿತ್ತು. ಆಮೇಲೆ ಅವನಿಗೆ ಮನಸ್ಸಿನ ಕಾಯಿಲೆ ಶುರುವಾಯಿತು, ಯಾರೋ ಬೆನ್ನಟ್ಟಿ ಬರುತ್ತಿದ್ದಾರೆ ಎಂದು ಹೆದರುತ್ತಿದ್ದ, ಕೆಲಸ ಹೋಯಿತು. ಮಾತ್ರೆ ತೆಗೆದುಕೊಂಡಾಗ ಸರಿಯಿರುತ್ತಿದ್ದ. ಒಂದು ಬೆಳಿಗ್ಗೆ ಹಾಲು ತರುತ್ತೇನೆಂದು ಇಳಿದುಹೋದವನು ತಿರುಗಿ ಬರಲಿಲ್ಲ. ಮೇಷ್ಟ್ರು ರಜೆಯ ಮೇಲೆ ರಜೆ ಹಾಕಿ ಹುಡುಕಿದ್ದಾರೆ. ಆಸ್ಪತ್ರೆಗಳು, ರೈಲ್ವೆ ಸ್ಟೇಷನ್ನುಗಳು, ಗುರುದ್ವಾರದ ಊಟದ ಸಾಲುಗಳು, ಹರಿದ್ವಾರ, ಆಗ್ರಾ, ಬೃಂದಾವನದ ಆಶ್ರಮಗಳು. ಮೆಟ್ರೋದಲ್ಲಿ ಬೋಗಿಯಿಂದ ಬೋಗಿಗೆ ಅವರು ಯಾಕೆ ನಡೆಯುತ್ತಿದ್ದರೆಂದು ನನಗೆ ಆಗ ಹೊಳೆಯಿತು. ಫ್ಲೈಓವರ್ ಕೆಳಗೆ ರೇಗಿದ್ದು ನೆನಪಾಗಿ ಊಟದ ಡಬ್ಬಿ ಮುಚ್ಚಿಟ್ಟೆ.

ತಿಪಟೂರಿನ ಹಿರಿಯರು ಆ ವರ್ಷ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಕಾಣೆಯಾದವನು ಹನ್ನೆರಡು ವರ್ಷ ಬರದಿದ್ದರೆ, ದರ್ಭೆಯಲ್ಲಿ ಅವನ ಆಕೃತಿ ಮಾಡಿ ದಹನ ಮಾಡಿ, ಕರ್ಮ ಮುಗಿಸುವ ಪದ್ಧತಿ ಅವರಲ್ಲಿದೆಯಂತೆ. ನಮ್ಮಲ್ಲಿ ಅಂಥದ್ದಿಲ್ಲ, ಹಾಗಾಗಿ ನಾನು ಬಿಡಿಸಿ ಬಿಡಿಸಿ ಕೇಳಿದೆ. ಅದಾದ ಮೇಲೆ ಅಕ್ಕ ಕುಂಕುಮ, ತಾಳಿ ತೆಗೆಯಬೇಕಾಗುತ್ತದೆ, ಆದರೆ ಆಕೆಗೆ ಊರಿಗೆ ಹೋಗುವ ಸ್ವಾತಂತ್ರ್ಯ ಸಿಗುತ್ತದೆ. ಈ ಬಾಗಿಲು ಕಾಯುವ ಕೆಲಸ ಮುಗಿಯುತ್ತದೆ. ತಂಗಿಯರ ಜೊತೆ ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಡಬೇಕೆಂದು ಆಕೆಗೆ ಆಸೆ ಇತ್ತಂತೆ. ಹನ್ನೆರಡು ವರ್ಷ ತುಂಬಿಯೇ ಬಿಟ್ಟಿತ್ತು. ಮೇಷ್ಟ್ರು ಮಾತ್ರ ಈ ತಿಂಗಳು ಒಳ್ಳೆಯದಲ್ಲ, ಪುರೋಹಿತರು ಊರಲ್ಲಿಲ್ಲ, ಚಳಿ ಕಳೆಯಲಿ ಎಂದು ಮುಂದೂಡುತ್ತಲೇ ಇದ್ದರು.

ಈ ದಿನಗಳಲ್ಲೇ ಬೇರೊಂದು ಅಧ್ಯಾಯದಲ್ಲಿ ನಮಗೆ "ಲೀವ್ ನೋ ಸ್ಟೋನ್ ಅನ್‌ಟರ್ನ್ಡ್" ಬಂತು. ಮೇಷ್ಟ್ರು ಅರ್ಥವನ್ನು ತಕ್ಷಣ ಬರೆದರು: ಬೇಕಾದದ್ದನ್ನು ಹುಡುಕಲು ಸಂದುಗೊಂದನ್ನೂ ಬಿಡದೆ ಎಲ್ಲ ಕಡೆ ಜಾಲಾಡುವುದು, ಆಗುವ ಪ್ರಯತ್ನವನ್ನೆಲ್ಲ ಮಾಡುವುದು. ಕಲ್ಲು ಮಗುಚುವುದು ಅಂತ ಬರೆಯಬೇಡ, ನಮ್ಮವರು ಹಾಗೆ ಹೇಳಲ್ಲ ಎಂದು ನನಗೆ ಎಚ್ಚರಿಕೆ ಕೊಟ್ಟರು. ಬಳಕೆಯ ಕೆಳಗೆ, ಇದನ್ನು ಸಾಮಾನ್ಯವಾಗಿ ಪೊಲೀಸರೂ ಮಂತ್ರಿಗಳೂ ತನಿಖೆಯ ಸಂದರ್ಭದಲ್ಲಿ ಹೇಳುತ್ತಾರೆ, ಹೇಳುವವರು ಪೂರ್ತಿ ಹುಡುಕಿರಬೇಕೆಂದಿಲ್ಲ ಎಂದು ಬರೆದರು. ಕೊನೆಯ ಮಾತನ್ನು ಮ್ಯಾನೇಜರ್ ತೆಗೆಸಿದ. ಉದಾಹರಣೆಯ ಜಾಗ ಖಾಲಿ ಉಳಿಯಿತು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಉಳಿದ ಭಾಷೆಗಳ ಪುಟಗಳೆಲ್ಲ ಹೋಗಿದ್ದವು.

ಮ್ಯಾನೇಜರ್ ದೆಹಲಿಯ ಹುಡುಗ, ಒಳ್ಳೆಯವನೇ, ಆದರೆ ಅವನ ಮೇಲೆ ಅವನ ಮೇಲಿನವರು ಕೂತಿದ್ದರು. ಅಂಕಲ್‌ಜೀ, ಏಕ್ ಲೈನ್ ಹೀ ತೋ ಹೈ, ಬರೀ ಒಂದು ಸಾಲು ತಾನೇ ಎಂದು ದಿನಾ ಬಂದು ನಿಲ್ಲುತ್ತಿದ್ದ. ಮೇಷ್ಟ್ರು ಹೋ ಜಾಯೇಗಾ, ಆಗುತ್ತೆ ಅನ್ನುತ್ತಿದ್ದರು. ಕೊನೆಗೆ ನನಗೆ ತಡೆಯಲಾಗಲಿಲ್ಲ. ಕಾಣೆಯಾದ ಮಗುವಿಗಾಗಿ ಪೊಲೀಸರು ಇಡೀ ಊರನ್ನು ಜಾಲಾಡಿದರು ಅಂತ ನಾನೇ ಒಂದು ವಾಕ್ಯ ಬರೆದು ಅವರ ಮುಂದಿಟ್ಟೆ. ಅವರ ತಮ್ಮನ ಕಥೆ ಗೊತ್ತಿದ್ದೂ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ, ಪುಟ ಮುಗಿಯಬೇಕೆಂಬುದೊಂದೇ ತಲೆಯಲ್ಲಿತ್ತು. ಮೇಷ್ಟ್ರು ಪೆನ್ಸಿಲ್ ಮುರಿಯುವ ಹಾಗೆ ಅದನ್ನು ಹೊಡೆದುಹಾಕಿದರು. ಇದನ್ನ ಯಾರಿಗೆ ಹೇಳಿದ್ದು, ಆ ಮಗುವಿನ ತಾಯಿಗಾ ಎಂದು ಕೇಳಿ, ಊಟದ ಡಬ್ಬಿ ಬಿಚ್ಚದೆ ಎದ್ದುಹೋದರು. ಅಷ್ಟು ವರ್ಷದಲ್ಲಿ ನನ್ನ ಮೇಲೆ ಅವರು ಸಿಟ್ಟಾಗಿದ್ದು ಅದೊಂದೇ ಸಲ.

ಆ ಸಂಜೆ ಮೆಟ್ರೋದಲ್ಲಿ ಅವರು ಬೋಗಿಯಿಂದ ಬೋಗಿಗೆ ನಡೆಯಲಿಲ್ಲ. ನನ್ನ ಪಕ್ಕದಲ್ಲೇ ಕಂಬ ಹಿಡಿದು ನಿಂತರು. ಸರಿತಾ ವಿಹಾರ ಬಂತು, ನಾನು ಇಳಿಯಲಿಲ್ಲ. ಗಾಡಿ ಬದರ್‌ಪುರ ದಾಟಿದ ಮೇಲೆ, ನಾನು ಹುಡುಕದೆ ಬಿಟ್ಟ ಜಾಗ ಒಂದಿದೆಯಮ್ಮ ಎಂದು ಶುರುಮಾಡಿದರು.

ತಮ್ಮ ಹೋಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲವಂತೆ. ಠಾಣೆಯಿಂದ ಫೋನ್ ಬಂತು. ರೈಲ್ವೆ ಹಳಿಯ ಹತ್ತಿರ ಒಂದು ಹೆಣ ಸಿಕ್ಕಿದೆ, ವಯಸ್ಸು ಹೊಂದುತ್ತದೆ, ಬಂದು ನೋಡಿ ಎಂದರು. ಮೇಷ್ಟ್ರು ಒಬ್ಬರೇ ಹೋದರು. ಕಾನ್‌ಸ್ಟೇಬಲ್ ಅವರನ್ನು ಆಸ್ಪತ್ರೆಯ ಶವಾಗಾರದ ಬಾಗಿಲವರೆಗೆ ಕರೆದುಕೊಂಡು ಹೋದ. ಒಳಗಿನವನು ಬಾಗಿಲು ತೆರೆದು ಕಾದ. ಮೇಷ್ಟ್ರ ಕಾಲು ಮುಂದೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ನೋಡಿದ್ದನ್ನು ಮನೆಗೆ ತಗೊಂಡು ಹೋಗಬೇಕು, ಮನೆಯಲ್ಲಿ ಅವಳು ಬಾಗಿಲಲ್ಲೇ ನಿಂತಿರುತ್ತಾಳೆ, ಅದೊಂದೇ ಅವರಿಗೆ ಕಣ್ಣಮುಂದೆ ಬಂತಂತೆ. ಹೊಸಿಲ ಹೊರಗೆ ನಿಂತೇ, ನಮ್ಮವನಲ್ಲ ಅಂದುಬಿಟ್ಟರು. ನೋಡದೇನೇ ಹೇಗೆ ಹೇಳ್ತೀರಿ ಎಂದು ಕಾನ್‌ಸ್ಟೇಬಲ್ ಕೇಳಿದ. ಇವರು ಅಷ್ಟು ಹೊತ್ತಿಗೆ ಗೇಟಿನ ಕಡೆ ಹೊರಟಾಗಿತ್ತು.

"ಮನೆಗೆ ಬಂದು, ನೋಡಿದೆ, ಅವನಲ್ಲ ಅಂದೆ. ಅವಳು ದೇವರಿಗೆ ದೀಪ ಹಚ್ಚಿದಳು. ಹನ್ನೆರಡು ವರ್ಷದಿಂದ ಅವಳು ಕಾಯ್ತಾ ಇರೋದು ನನ್ನ ಆ ಒಂದು ಮಾತಿನ ಮೇಲೆ ಕಣಮ್ಮ."

ದರ್ಭೆಯ ಕರ್ಮವನ್ನು ಯಾಕೆ ಮುಂದೂಡುತ್ತಿದ್ದರೆಂದು ಆಗ ಗೊತ್ತಾಯಿತು. ಅವರ ಪುರೋಹಿತರು ಹಳೇ ಕಾಲದವರು. ಆಕೃತಿ ಕಟ್ಟುವ ಮೊದಲು ಮನೆಯ ಹಿರಿಯನು ಅಗ್ನಿಯ ಮುಂದೆ ಕೂತು, ಎಲ್ಲ ದಿಕ್ಕಿನಲ್ಲೂ ಹುಡುಕಿದ್ದೇವೆ, ಸುಳಿವು ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳಲೇಬೇಕೆಂದು ಅವರ ಹಟ. ಅದನ್ನು ಹೇಳಬೇಕಾದವರು ಮೇಷ್ಟ್ರು, ಪಕ್ಕದಲ್ಲಿ ಕೂತು ಕೇಳಬೇಕಾದವಳು ಅಕ್ಕ. ನಮ್ಮ ಪುಸ್ತಕಕ್ಕೂ ಅವರಿಗೆ ಬೇರೆ ವಾಕ್ಯ ತೋಚುತ್ತಿರಲಿಲ್ಲ. ಆ ನುಡಿಗಟ್ಟನ್ನು ಯಾರು ಹೇಳುತ್ತಾರೆ, ಯಾರಿಗೆ, ಯಾವಾಗ ಎಂದು ಯೋಚಿಸಲು ಕೂತಾಗಲೆಲ್ಲ ಕಣ್ಣಿಗೆ ಬರುತ್ತಿದ್ದದ್ದು ಅದೇ ಅಗ್ನಿ, ಅದೇ ಇಬ್ಬರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಹೇಳಿಬಿಡಿ ಮೇಷ್ಟ್ರೇ, ಇವತ್ತೇ ಹೋಗಿ ಹೇಳಿಬಿಡಿ ಅಂದೆ. ಅಕ್ಕನ ವಯಸ್ಸೆಲ್ಲ ಬಾಗಿಲು ಕಾಯುವುದರಲ್ಲೇ ಹೋಯಿತಲ್ಲ ಅಂತಲೂ ಅಂದೆ, ಅದನ್ನು ಅವರೇನು ತಿಳಿಯದವರೇ. ಅವರು ಸಿಟ್ಟಾಗಲಿಲ್ಲ. ಅವಳು ದಿನಾ ನನಗೆ ಅನ್ನ ಬಡಿಸ್ತಾಳೆ, ಹೇಳಿದ ಮೇಲೆ ಆ ಕೈಯನ್ನ ನೋಡೋದು ಹೇಗಮ್ಮ ಅಂದರು. ಓಲ್ಡ್ ಫರೀದಾಬಾದಿನಲ್ಲಿ ಇಳಿದು, ನನ್ನನ್ನು ಎದುರು ಪ್ಲಾಟ್‌ಫಾರ್ಮಿನಿಂದ ವಾಪಸು ಗಾಡಿ ಹತ್ತಿಸಿ, ಬಾಗಿಲು ಮುಚ್ಚುವವರೆಗೆ ನಿಂತಿದ್ದರು. ಮುಚ್ಚುವ ಮುಂಚೆ, ಶುಕ್ರವಾರ ಹೇಳುತ್ತೇನೆ ಅಂದರು.

ಶುಕ್ರವಾರ ಹೇಳಲಿಲ್ಲ. ಅದರ ಮುಂದಿನ ವಾರವೂ ಹೇಳಲಿಲ್ಲ. ಒಮ್ಮೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರಂತೆ, ಅಕ್ಕ ತಿರುಗಿ ನೋಡಿ ಕಾಫಿ ಬೇಕಾ ಭಾವ ಅಂದರಂತೆ, ಇವರು ಹೂಂ ಅಂದು ಕಾಫಿ ಕುಡಿದು ಬಂದರಂತೆ. ಪುಸ್ತಕದ ಜಾಗವನ್ನು ನಾನೇ ತುಂಬಿದೆ. ಬೀಗದ ಕೈ ಕಳೆದುಕೊಂಡ ತಾಯಿಯೊಬ್ಬಳು, ಮನೆಯೆಲ್ಲ ಜಾಲಾಡಿದೆ ಕಣೋ, ಇನ್ನು ನೋಡದ ಜಾಗ ಇಲ್ಲ ಎಂದು ಮಗನಿಗೆ ಹೇಳುವ ವಾಕ್ಯ. ಮೇಷ್ಟ್ರು ಓದಿ ತಲೆಯಾಡಿಸಿದರು. ಇದು ಸರಿ, ಇದರಿಂದ ಯಾರಿಗೂ ನೋವಾಗಲ್ಲ ಅಂದರು. ಪುಸ್ತಕ ಅಚ್ಚಾಯಿತು, ಆ್ಯಪಿನಲ್ಲೂ ಇದೆ. ಅದನ್ನು ಓದಿದ ಯಾರಿಗೂ ಅಲ್ಲಿ ಏನು ಬರೆಯದೆ ಉಳಿಯಿತೆಂದು ಗೊತ್ತಾಗುವುದಿಲ್ಲ.

ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಮೇಷ್ಟ್ರು ದಿನೇ ದಿನೇ ಸೊರಗುತ್ತಿದ್ದರು. ಅನ್ನ ಸೇರುತ್ತಿರಲಿಲ್ಲ, ಡಬ್ಬಿಯ ಚಿತ್ರಾನ್ನದಲ್ಲಿ ಕಡಲೆಬೀಜವನ್ನಷ್ಟೇ ಹೆಕ್ಕಿ ತಿಂದು ಉಳಿದದ್ದನ್ನು ನನ್ನ ಕಡೆ ಸರಿಸುತ್ತಿದ್ದರು. ಡಾಕ್ಟರಿಗೆ ತೋರಿಸಿ ಎಂದು ನಾನು ಜಗಳವಾಡಿದೆ. ತೋರಿಸಿದರು, ಗುಳಿಗೆಗಳೂ ಬಂದವು. ಆದರೆ ಅವರ ಕಾಯಿಲೆಯನ್ನು ಯಾವ ಡಾಕ್ಟರಿಗೂ ಅವರು ಹೇಳಿರಲಿಲ್ಲ. ದೀಪಾವಳಿ ಕಳೆದು ಸ್ವೆಟರ್ ಹಾಕಿಕೊಂಡು ಬರತೊಡಗಿದ ಸ್ವಲ್ಪ ದಿನಕ್ಕೇ ಆ ಕುರ್ಚಿಯಲ್ಲಿ ಕೂತರು.

ಹದಿಮೂರು ದಿನ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಫರೀದಾಬಾದಿಗೆ ಹೋದೆ. ಅವರ ಹೆಂಡತಿ ಒಳಕೋಣೆಯಲ್ಲಿ ಮಲಗಿದ್ದರು, ಎಬ್ಬಿಸಬೇಡಿ ಅಂದೆ. ಅಕ್ಕ ನನಗೆ ಅಡುಗೆಮನೆಯಲ್ಲೇ ಮಣೆ ಹಾಕಿದರು. ಸತ್ತವರು ಹೇಳಲಾರದ್ದನ್ನು ನಾನು ಹೇಳಬೇಕೇ, ಹೇಳಲು ನಾನ್ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಹೇಳದಿದ್ದರೆ ಈಕೆ ಇನ್ನೆಷ್ಟು ವರ್ಷ ಇಲ್ಲೇ ಕೂರಬೇಕು ಎಂಬ ಸಂಕಟ ಒಂದು ಕಡೆ. ಹೇಳಿದರೆ, ಇಷ್ಟು ವರ್ಷ ತಾವೇ ಅನ್ನ ಬಡಿಸುತ್ತಿದ್ದ ಭಾವನನ್ನು ಈಕೆ ಇನ್ನೊಂದು ಸಲ ಕಳೆದುಕೊಳ್ಳುತ್ತಾರಲ್ಲ ಎಂಬ ಹೆದರಿಕೆ.

ಅಕ್ಕ ಕಾಫಿ ಕೈಗೆ ಕೊಟ್ಟು ಎದುರಿಗೆ ಕೂತರು. "ಭಾವ ನಿನ್ನ ಹತ್ರ ಹೇಳಿದ್ರು ಅಲ್ವಾ?" ಅಂದರು.

ಏನನ್ನು ಎಂದು ಕೇಳುವಷ್ಟು ಸುಳ್ಳು ನನಗೆ ಬರಲಿಲ್ಲ. ಲೋಟ ಕೆಳಗಿಟ್ಟೆ.

"ಅವತ್ತು ಅವರು ಒಳಗೆ ಹೋಗಿರಲಿಲ್ಲ. ನನಗೆ ಗೊತ್ತು."

ಅಕ್ಕ ಸಣ್ಣ ದನಿಯಲ್ಲಿ, ಒಳಗೆ ಮಲಗಿದವರಿಗೆ ಕೇಳದ ಹಾಗೆ ಹೇಳುತ್ತ ಹೋದರು. ಮೇಷ್ಟ್ರು ಆ ದಿನ ಬಂದು, ನೋಡಿದೆ, ಅವನಲ್ಲ ಎಂದಾಗ ಅವರ ಮುಖ ನೋಡಿಯೇ ಅಕ್ಕನಿಗೆ ಅನುಮಾನ ಬಂತು. ಹೆಣ ನೋಡಿ ಬಂದವರು ನೆಟ್ಟಗೆ ಸ್ನಾನಕ್ಕೆ ಹೋಗಬೇಕು. ಮಡಿ ಮೈಲಿಗೆ ಅಂತ ಅಷ್ಟು ನೋಡುವ ಮೇಷ್ಟ್ರು ಸ್ನಾನ ಮಾಡದೆ ಹಾಗೇ ಒಳಗೆ ಬಂದು ಕುರ್ಚಿಯಲ್ಲಿ ಕೂತರಂತೆ. ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ಆ ಹೆಣದ ಮೈಮೇಲೆ ಅಂಗಿ ಯಾವ ಬಣ್ಣದ್ದಿತ್ತು ಭಾವ ಎಂದು ಯಾವ ಹೆಂಡತಿಯಾದರೂ ಕೇಳುತ್ತಿದ್ದಳು.

"ಕೇಳ್ತೀನಿ ಅಂತ ಅವರು ಹೆದರಿಕೊಂಡು ಕೂತಿದ್ರು. ನಾನು ಕೇಳಲಿಲ್ಲ. ಕೇಳಿದ್ರೆ ಮಾರನೇ ದಿನ ನಾನೇ ಹೋಗಿ ನೋಡಬೇಕಾಗ್ತಿತ್ತು. ನನಗೂ ಕಾಲು ಬರ್ತಿರಲಿಲ್ಲ ಕಣೇ. ದೀಪ ಹಚ್ಚಿ, ಊಟಕ್ಕೆ ಏಳಿ ಭಾವ ಅಂದೆ."

ಹಾಗಾದರೆ ಆಮೇಲಾದರೂ, ಎರಡು ವರ್ಷವೋ ಐದು ವರ್ಷವೋ ಕಳೆದ ಮೇಲಾದರೂ ಯಾಕೆ ಹೋಗಿ ಕೇಳಲಿಲ್ಲ ಅಕ್ಕ ಎಂದೆ. ಗುರುತು ಸಿಗದವರ ಫೋಟೋಗಳನ್ನು ಪೊಲೀಸರು ಇಟ್ಟಿರುತ್ತಾರೆ ಎಂದು ಅಕ್ಕನಿಗೆ ಯಾರೋ ಯಾವತ್ತೋ ಹೇಳಿದ್ದರಂತೆ. ಠಾಣೆಯಾದರೂ ಎಷ್ಟು ದೂರ, ತರಕಾರಿಗೆ ಹೋಗುವ ದಾರಿಯಲ್ಲೇ ಇದೆ. ಎಷ್ಟೋ ಸಲ ಚೀಲ ಹಿಡಿದುಕೊಂಡು ಅದರ ಮುಂದೆ ನಿಂತು ಬಂದಿದ್ದಾರೆ.

"ಭಾವ ಇರೋ ತನಕ ನಾನು ಹೋಗಿ ಕೇಳಿದ್ರೆ, ಅವರನ್ನ ಈ ಮನೇಲಿ ಸುಳ್ಳುಗಾರ ಮಾಡಿದ ಹಾಗಾಗ್ತಿತ್ತು. ದಿನಾ ಹುಡುಕೋಕೆ ಹೋಗ್ತಿದ್ದರಲ್ಲ, ಬಾಳೆಹಣ್ಣು ಹಿಡಕೊಂಡು. ಹೇಗೆ ಹೋಗಲಿ ಹೇಳು."

ನನಗೆ ಆ 'ಕಾಫಿ ಬೇಕಾ ಭಾವ' ಅಂದ ದಿನ ನೆನಪಾಯಿತು. ಅವರು ಹೇಳಲು ಬಂದು ನಿಂತಿದ್ದಾರೆಂದು ಈಕೆಗೆ ಗೊತ್ತಿತ್ತು, ಗೊತ್ತಿದ್ದೇ ಕಾಫಿ ಕೊಟ್ಟು ಕಳಿಸಿದ್ದರು. ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಂದೇ ಮನೆಯಲ್ಲಿ ಇಬ್ಬರೂ ಇಷ್ಟು ವರ್ಷ ಬೆಂದಿದ್ದರು. ಗೊತ್ತಿದೆ ಭಾವ, ಬಿಡಿ ಎಂದು ಈಕೆ ಒಂದು ಸಲ ಅಂದಿದ್ದರೆ ಮೇಷ್ಟ್ರು ಇನ್ನೂ ನನ್ನ ಎದುರಿನ ಮೇಜಿನಲ್ಲಿ ಇರುತ್ತಿದ್ದರೇನೋ ಅನ್ನಿಸಿತು. ಅದನ್ನು ಹೇಳಲಿಲ್ಲ. ಆ ಲೆಕ್ಕ ಅಕ್ಕ ನನಗಿಂತ ಮೊದಲೇ ಹಾಕಿರುತ್ತಾರೆ.

ಮೇಷ್ಟ್ರ ಹೆಂಡತಿ ಒಳಗಿನಿಂದ ಕೆಮ್ಮಿದರು. ಅಕ್ಕ ಎದ್ದು ನೀರು ಕೊಟ್ಟು ಬಂದರು. ನಾಳೆ ಠಾಣೆಗೆ ಹೋಗುತ್ತಿದ್ದೇನೆ, ನನ್ನ ಹಿಂದಿ ಅವರಿಗೆ ಅರ್ಥವಾಗಲ್ಲ, ನೀನು ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಅಂದೆ. ಆಫೀಸಿಗೆ ರಜೆ ಹಾಕಬೇಕಲ್ಲ ಅಂದರು, ಹಾಕುತ್ತೇನೆ ಅಂದೆ. ಇಷ್ಟು ವರ್ಷವಾದ ಮೇಲೆ ಫೋಟೋ ಇದೆಯೋ ಇಲ್ಲವೋ, ಇದ್ದರೂ ಮುಖ ಗುರುತು ಹಿಡಿಯುವ ಹಾಗಿರುತ್ತದೋ ಇಲ್ಲವೋ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೆಟ್ಟಿಲವರೆಗೆ ಬಂದು ಕಳಿಸಿಕೊಟ್ಟರು. ನಾನು ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದವಳು ನಿಂತೆ. ನಾಳೆ ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಆ ಪ್ರಶ್ನೆಯನ್ನು ಅಕ್ಕ ಪೊಲೀಸರ ಬಾಯಲ್ಲಿ ಮೊದಲ ಸಲ ಕೇಳಿಸಿಕೊಳ್ಳುವುದು ಬೇಡ ಅನ್ನಿಸಿತು.

"ಅಕ್ಕಾ, ಹಾಲಿಗೆ ಹೋದಾಗ ಅವರ ಅಂಗಿ ಯಾವ ಬಣ್ಣದ್ದು?"

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು.

"ಬೂದು ಬಣ್ಣ. ತೋಳಿನ ಗುಂಡಿ ಒಂದು ಬಿದ್ದಿತ್ತು. ಇರಿ, ಹಾಕಿಕೊಡ್ತೀನಿ ಅಂದೆ. ಹಾಲು ತಂದಮೇಲೆ ಹಾಕು ಅಂದ್ರು."

ಅಷ್ಟು ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಕ್ಕ ಅಳಲು ಶುರುಮಾಡಿದರು.